ಮಾದರಿ ತಪಾಸಣೆಯ ಹಿಂದಿನ ಲೆಕ್ಕ

ಬೋಲ್ಟ್ ತಯಾರಿಸುವ ಸಣ್ಣ ಘಟಕವೊಂದು 5,000 ಬೋಲ್ಟ್‌ಗಳ ಸರಕನ್ನು ಖರೀದಿದಾರರಿಗೆ ಕಳುಹಿಸುತ್ತದೆ ಎಂದಿಟ್ಟುಕೊಳ್ಳಬಹುದು. ಖರೀದಿ ಆದೇಶದ ಷರತ್ತು ಇಷ್ಟೇ: ಸರಕಿನಿಂದ ಯಾದೃಚ್ಛಿಕವಾಗಿ 20 ಬೋಲ್ಟ್‌ಗಳನ್ನು ಆರಿಸಿ ಪರೀಕ್ಷಿಸಬೇಕು, ದೋಷಯುಕ್ತವಾದವು ಒಂದಕ್ಕಿಂತ ಹೆಚ್ಚಿದ್ದರೆ ಇಡೀ ಸರಕು ವಾಪಸು. ಈ ಷರತ್ತಿಗೆ ಸಹಿ ಹಾಕುವ ಮುನ್ನ ಉಭಯ ಪಕ್ಷಗಳೂ ತಮ್ಮ ಅಪಾಯವನ್ನು ಅರಿಯುವುದು ಅವಶ್ಯಕ. ಅದಕ್ಕೆ ನೆರವಾಗುವುದು ದ್ವಿಪದ ವಿತರಣೆ.

ಲೆಕ್ಕದ ಕ್ರಮ

ಸರಕಿನಲ್ಲಿ ವಾಸ್ತವವಾಗಿ ಶೇ. 2ರಷ್ಟು ದೋಷವಿದೆ ಎನ್ನೋಣವಾದರೆ, ಪ್ರತಿ ಬೋಲ್ಟ್ ಸರಿಯಿರುವ ಸಂಭವನೀಯತೆ 0.98.

1. ಒಂದೂ ದೋಷವಿಲ್ಲದಿರುವುದು: 0.98ರ 20ನೆಯ ಘಾತ, ಅಂದರೆ 0.668.

2. ನಿಖರವಾಗಿ ಒಂದು ದೋಷವಿರುವುದು: ಆ ಒಂದು ಬೋಲ್ಟ್ 20ರಲ್ಲಿ ಯಾವುದಾದರೂ ಆಗಬಹುದು. ಆದ್ದರಿಂದ 20 × 0.02 × (0.98ರ 19ನೆಯ ಘಾತ) = 0.272.

3. ಇವೆರಡರ ಮೊತ್ತ 0.940. ಇದೇ 'ಹೆಚ್ಚೆಂದರೆ ಒಂದು' ಎಂಬುದರ ಸಂಚಿತ ಸಂಭವನೀಯತೆ.

ಅಂದರೆ ಇಂತಹ ಉತ್ತಮ ಸರಕೂ ನೂರಕ್ಕೆ ಸುಮಾರು 6 ಬಾರಿ ಹಿಂದಿರುಗುತ್ತದೆ. ಇದು ತಯಾರಕರ ಅಪಾಯ.

ಖರೀದಿದಾರರ ಅಪಾಯ

ದೋಷ ಶೇ. 10ರಷ್ಟಿದ್ದರೆ 20 ಬೋಲ್ಟ್‌ಗಳಲ್ಲಿ ಸರಾಸರಿ 2 ದೋಷಯುಕ್ತವಾಗಿರುತ್ತವೆ. ಆದಕಾರಣ ಅಂತಹ ಸರಕು ತಪ್ಪದೆ ತಿರಸ್ಕೃತವಾಗುತ್ತದೆ ಎಂಬ ಭಾವನೆ ಸಹಜ. ಆದರೆ ಸರಾಸರಿಯನ್ನು ನಂಬಿದರೆ ಮೋಸ ಹೋಗಬೇಕಾಗುತ್ತದೆ. ಮೇಲಿನ ಕ್ರಮದಲ್ಲೇ ಲೆಕ್ಕ ಹಾಕಿದರೆ 0.122 + 0.270 = 0.392. ಹತ್ತರಲ್ಲಿ ಸುಮಾರು ನಾಲ್ಕು ಬಾರಿ ಕಳಪೆ ಸರಕು ತಪಾಸಣೆಯನ್ನು ದಾಟಿಬಿಡುತ್ತದೆ!

ಪರಿಹಾರವೇನು? 50 ಬೋಲ್ಟ್‌ಗಳನ್ನು ಪರೀಕ್ಷಿಸಿ 2 ದೋಷಗಳವರೆಗೆ ಒಪ್ಪಿದರೆ, ಶೇ. 2 ದೋಷದ ಸರಕು 0.922 ಸಂಭವನೀಯತೆಯಿಂದ ಸ್ವೀಕೃತವಾಗುತ್ತದೆ, ಶೇ. 10 ದೋಷದ ಸರಕು ದಾಟುವುದು ಕೇವಲ 0.112. ತಯಾರಕರ ಅಪಾಯ ಶೇ. 6ರಿಂದ ಶೇ. 8ಕ್ಕೆ ಏರಿದರೂ ಖರೀದಿದಾರರ ಅಪಾಯ ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆಯಾಗುತ್ತದೆ. ತಪಾಸಣೆಯ ಶ್ರಮ ಮಾತ್ರ ಎರಡೂವರೆ ಪಟ್ಟು.

ಗಮನಿಸಬೇಕಾದ ಅಂಶಗಳು

ಮಾದರಿಯು ಸರಕಿನ ಸಣ್ಣ ಭಾಗವಾಗಿದ್ದು, ಆಯ್ಕೆ ಯಾದೃಚ್ಛಿಕವಾಗಿದ್ದರೆ ಮಾತ್ರ ಈ ಲೆಕ್ಕ ಸಲ್ಲುತ್ತದೆ. ಮೇಲಿನ ಪೆಟ್ಟಿಗೆಯಿಂದಷ್ಟೇ ಆರಿಸಿದ ಬೋಲ್ಟ್‌ಗಳಿಗೆ ಇದು ಅನ್ವಯಿಸದು. ಎಕ್ಸೆಲ್‌ನ 'ಬಿನಾಮ್‌ಡಿಸ್ಟ್' ಸೂತ್ರವು ಸಂಚಿತ ಮೊತ್ತವನ್ನು ಕ್ಷಣದಲ್ಲಿ ನೀಡುತ್ತದೆ. ಸಿದ್ಧ ಕೋಷ್ಟಕಗಳು ಬೇಕಾದವರು ಭಾರತೀಯ ಮಾನಕ ಐಎಸ್ 2500 ಅನ್ನು ನೋಡಬಹುದು. ಆದೇಶ ಒಪ್ಪುವ ಮೊದಲೇ ಈ ಲೆಕ್ಕ ಹಾಕಿಕೊಂಡಲ್ಲಿ, ಸರಕು ಹಿಂದಿರುಗಿದ ಮೇಲಿನ ವಾದವಿವಾದಗಳನ್ನು ಬಹುಮಟ್ಟಿಗೆ ತಪ್ಪಿಸಬಹುದು.