ಚಾರ್ಜಿಗೆ ಹಾಕಿದಾಗಲೇ ಟಚ್ ಯಾಕೆ ಕೆಡುತ್ತದೆ?

ಪ್ರಶ್ನೆ: ಫೋನನ್ನು ಚಾರ್ಜಿಗೆ ಹಾಕಿಕೊಂಡು ಮೆಸೇಜ್ ಬರೆಯಲು ಹೋದರೆ ಒಂದು ಅಕ್ಷರ ಒತ್ತಿದಾಗ ಇನ್ನೊಂದು ಬೀಳುತ್ತದೆ. ಕೆಲವೊಮ್ಮೆ ಪುಟ ತಾನಾಗಿಯೇ ಜಾರುತ್ತದೆ. ಚಾರ್ಜರ್ ಕಿತ್ತ ಕೂಡಲೇ ಎಲ್ಲ ಸರಿಹೋಗುತ್ತದೆ. ರಿಪೇರಿ ಅಂಗಡಿಯಲ್ಲಿ ಡಿಸ್‌ಪ್ಲೇ ಬದಲಿಸಬೇಕು ಎಂದರು. ಬೇಕೇ?

ಉತ್ತರ: ಡಿಸ್‌ಪ್ಲೇಗೆ ದುಡ್ಡು ಕೊಡುವ ಮೊದಲು ಬೇರೆ ಚಾರ್ಜರ್ ಹಾಕಿ ನೋಡಿ. ಕಿತ್ತ ಕೂಡಲೇ ಸರಿಹೋಗುತ್ತದೆ ಎಂದಿದ್ದೀರಲ್ಲ, ಆ ಮಾತೇ ಚಾರ್ಜರಿನ ಕಡೆ ಬೊಟ್ಟು ಮಾಡುತ್ತಿದೆ.

ಪರದೆಯ ಗಾಜಿನ ಅಡಿಯಲ್ಲಿ ಅಡ್ಡಡ್ಡಲಾಗಿಯೂ ಉದ್ದುದ್ದಲಾಗಿಯೂ ಹಾಯ್ದ ಪಾರದರ್ಶಕ ಪಟ್ಟಿಗಳಿರುತ್ತವೆ. ಇವು ಸಾಮಾನ್ಯವಾಗಿ ಇಂಡಿಯಂ ಟಿನ್ ಆಕ್ಸೈಡಿನವು. ಒಂದು ದಿಕ್ಕಿನ ಪಟ್ಟಿಗಳಿಗೆ ಟಚ್ ಚಿಪ್ಪು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಏರಿಳಿಯುವ ವೋಲ್ಟೇಜ್ ಕೊಡುತ್ತದೆ. ಇನ್ನೊಂದು ದಿಕ್ಕಿನ ಪಟ್ಟಿಗಳಿಗೆ ಎಷ್ಟು ವಿದ್ಯುದಂಶ ದಾಟಿತು ಎಂದು ಅಳೆಯುತ್ತದೆ. ಪಟ್ಟಿಗಳು ಒಂದನ್ನೊಂದು ಹಾಯುವ ಒಂದೊಂದು ಜಾಗವೂ ಒಂದು ಪುಟ್ಟ ಕೆಪಾಸಿಟರ್. ಅದರ ಧಾರಣೆ ಒಂದು ಪಿಕೋಫ್ಯಾರಡ್ಡಿನ ಆಸುಪಾಸು, ಅಂದರೆ ಒಂದು ಫ್ಯಾರಡ್ಡಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಬೆರಳು ಹತ್ತಿರ ಬಂದಾಗ ಆ ಪುಟ್ಟ ಮೊತ್ತದಲ್ಲೂ ಒಂದು ಸಣ್ಣ ಅಂಶ ಮಾತ್ರ ಕಡಿಮೆಯಾಗುತ್ತದೆ. ಚಿಪ್ಪು ಹುಡುಕುವುದು ಆ ವ್ಯತ್ಯಾಸವನ್ನು. ಜಾತ್ರೆಯ ಗದ್ದಲದಲ್ಲಿ ಪಿಸುಮಾತು ಕೇಳಿಸಿಕೊಂಡಂಥ ಕೆಲಸ ಇದು.

ಇನ್ನು ಗದ್ದಲ ಎಲ್ಲಿಂದ ಬರುತ್ತದೆ ಎಂಬುದು. ಚಾರ್ಜರ್ ಗೋಡೆಯ 230 ವೋಲ್ಟಿನ ಕರೆಂಟನ್ನು ಮೊದಲು ಡಿಸಿ ಮಾಡಿಕೊಂಡು, ಅದನ್ನು ಸೆಕೆಂಡಿಗೆ ಹತ್ತಾರು ಸಾವಿರದಿಂದ ಲಕ್ಷಕ್ಕೂ ಮೀರಿದಷ್ಟು ಬಾರಿ ಕತ್ತರಿಸಿ, ಪುಟ್ಟ ಟ್ರಾನ್ಸ್‌ಫಾರ್ಮರಿನ ಮೂಲಕ ಆಚೆ ದಾಟಿಸುತ್ತದೆ. ಟ್ರಾನ್ಸ್‌ಫಾರ್ಮರಿನ ಎರಡು ಸುರುಳಿಗಳ ನಡುವೆ ನಿರೋಧಕ ಪದರವಿದೆ, ನಿಜ. ಆದರೆ ಅಷ್ಟು ಹತ್ತಿರ ಸುತ್ತಿದ ಎರಡು ತಂತಿಗಳು ತಾವೇ ಒಂದು ಕೆಪಾಸಿಟರ್ ಆಗಿಬಿಡುತ್ತವೆ. ವೇಗವಾಗಿ ಏರಿಳಿಯುವ ವೋಲ್ಟೇಜ್ ಅದರ ಮೂಲಕ ಫೋನಿನ ಕಡೆಗೆ ಸೋರುತ್ತದೆ. ಕೇಬಲ್ಲಿನ ಎರಡು ತಂತಿಗಳ ನಡುವೆ ಅಳೆದರೆ 5 ವೋಲ್ಟ್ ಸರಿಯಾಗಿಯೇ ಸಿಗುತ್ತದೆ. ಆದರೆ ಆ ಎರಡೂ ತಂತಿಗಳು ಒಟ್ಟಾಗಿ ಭೂಮಿಗೆ ಹೋಲಿಸಿದರೆ ಮೇಲೆ ಕೆಳಗೆ ಆಡುತ್ತಿರುತ್ತವೆ. ಅವುಗಳ ಜೊತೆ ಇಡೀ ಫೋನೂ ಆಡುತ್ತದೆ. ಎಲ್ಲವನ್ನೂ ತನ್ನೊಳಗಿನ ಗ್ರೌಂಡಿಗೆ ಹೋಲಿಸಿಯೇ ಅಳೆಯುವ ಚಿಪ್ಪಿಗೆ ಅದರ ಸುಳಿವೇ ಇರುವುದಿಲ್ಲ.

ನೀವು ಮುಟ್ಟಿದಾಗ ಸುಳಿವು ಸಿಗುತ್ತದೆ. ನೆಲದ ಮೇಲೆ ನಿಂತ ಮನುಷ್ಯನ ದೇಹಕ್ಕೂ ಭೂಮಿಗೂ ನಡುವೆ ಸುಮಾರು 100 ಪಿಕೋಫ್ಯಾರಡ್ ಧಾರಣೆ ಇರುತ್ತದೆ. ಹಾಗಾಗಿ ನಿಮ್ಮ ಬೆರಳು ಸ್ಥಿರವಾಗಿದೆ, ಆಡುತ್ತಿರುವುದು ಫೋನು. ಆದರೆ ಚಿಪ್ಪಿಗೆ ಕಾಣುವುದು ಬೆರಳೇ ಆಡುತ್ತಿರುವಂತೆ. ಬೆರಳಿನಡಿಯ ಅಳೆಯುವ ಪಟ್ಟಿಗೆ ಬೇಡದ ವಿದ್ಯುದಂಶ ನುಗ್ಗುತ್ತದೆ. ಆ ಪಟ್ಟಿ ಪರದೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹಾಯ್ದಿರುವುದರಿಂದ ಅದೇ ಸಾಲಿನ ಬೇರೆ ಜಾಗಗಳಲ್ಲೂ ಮುಟ್ಟಿದ ಹಾಗೆ ಲೆಕ್ಕ ಬರುತ್ತದೆ. ಬೇರೊಂದು ಅಕ್ಷರ ಬೀಳುವುದು ಹೀಗೆ. ಮುಂದಿನ ಸಲ ಗಮನಿಸಿ: ಸುಳ್ಳು ಸ್ಪರ್ಶಗಳು ಹೆಚ್ಚಾಗಿ ನಿಮ್ಮ ಬೆರಳಿನ ನೇರದಲ್ಲೇ ಇರುತ್ತವೆ. ಬ್ಯಾಟರಿ ತುಂಬುತ್ತಾ ಹೋದಂತೆ ಅನೇಕ ಚಾರ್ಜರುಗಳು ಕತ್ತರಿಸುವ ವೇಗವನ್ನು ಬದಲಿಸುವುದರಿಂದ ತೊಂದರೆ ಒಮ್ಮೆ ಬಂದು ಒಮ್ಮೆ ಹೋಗುವುದೂ ಉಂಟು.

ಇದನ್ನು ತಡೆಯಲು ಚಿಪ್ಪು ತಯಾರಿಸುವವರು ತುಂಬ ಜಾಣತನ ತೋರಿಸಿದ್ದಾರೆ. ಚಿಪ್ಪು ಆಗಾಗ ತನ್ನ ಸಂಕೇತ ನಿಲ್ಲಿಸಿ ಬರೀ ಗದ್ದಲವನ್ನು ಅಳೆಯುತ್ತದೆ, ಕಡಿಮೆ ಗದ್ದಲವಿರುವ ಇನ್ನೊಂದು ಆವರ್ತನಕ್ಕೆ ಜಿಗಿಯುತ್ತದೆ. ಪಟ್ಟಿಗಳಿಗೆ ಕೊಡುವ ವೋಲ್ಟೇಜನ್ನು ಹೆಚ್ಚಿಸುತ್ತದೆ. ಅನೇಕ ಸಲ ಅಳೆದು ಸರಾಸರಿ ತೆಗೆಯುತ್ತದೆ. ಡಿಸ್‌ಪ್ಲೇ ಕೂಡ ಗದ್ದಲ ಮಾಡುವಂಥದ್ದೇ. 2012ರ ಐಫೋನ್ 5ರಲ್ಲಿ ಮಾಡಿದ ಹಾಗೆ ಟಚ್ ಪದರವನ್ನು ಎಲ್‌ಸಿಡಿಯ ಒಳಗೇ ಸೇರಿಸಿದಾಗ, ಚಿತ್ರ ಬರೆಯುವ ಕೆಲಸಕ್ಕೂ ಸ್ಪರ್ಶ ಅಳೆಯುವ ಕೆಲಸಕ್ಕೂ ಸಮಯ ಹಂಚಿಕೊಡಬೇಕಾಯಿತು. ಆದರೆ ಸೆಕೆಂಡಿಗೆ 120 ಸಲ ಇಡೀ ಪರದೆ ಅಳೆಯಬೇಕಾದ ಚಿಪ್ಪಿಗೆ ಒಂದು ಸುತ್ತಿಗೆ ಸಿಗುವುದು ಎಂಟು ಮಿಲಿಸೆಕೆಂಡ್ ಚಿಲ್ಲರೆ. ಸರಾಸರಿ ತೆಗೆಯುತ್ತಾ ಹೋದಷ್ಟೂ ಪರದೆ ನಿಧಾನವಾಗುತ್ತದೆ, ಬ್ಯಾಟರಿಯೂ ಖರ್ಚಾಗುತ್ತದೆ. ಆದ್ದರಿಂದ ಗದ್ದಲವನ್ನು ಹುಟ್ಟುವಲ್ಲೇ ತಡೆಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಅದಕ್ಕೆ ದಾರಿಯೂ ಗೊತ್ತಿದೆ. ಟ್ರಾನ್ಸ್‌ಫಾರ್ಮರಿನ ಸುರುಳಿಗಳ ನಡುವೆ ಒಂದು ರಕ್ಷಾ ಪದರ ಸುತ್ತಬೇಕು. ಸೋರಿದ ಕರೆಂಟು ಫೋನಿನ ಕಡೆ ಹೋಗದೆ ಚಾರ್ಜರಿನೊಳಗೇ ಹಿಂದಿರುಗುವಂತೆ ಎರಡು ಬದಿಗಳ ನಡುವೆ ವೈ ಕೆಪಾಸಿಟರ್ ಹಾಕಬೇಕು. ಯುರೋಪಿನಲ್ಲಿ 2009ರಲ್ಲಿ ಫೋನ್ ಕಂಪನಿಗಳು ಒಂದೇ ಬಗೆಯ ಚಾರ್ಜರಿಗೆ ಒಪ್ಪಿದ ಮೇಲೆ ರೂಪುಗೊಂಡ ಐಇಸಿ 62684 ಮಾನದಂಡ, ಎರಡೂ ತಂತಿಗಳ ಈ ಒಟ್ಟು ಆಟಕ್ಕೆ ಮಿತಿ ಹಾಕಿತು. ಅಗ್ಗದ ನಕಲಿ ಚಾರ್ಜರುಗಳು ಉಳಿತಾಯ ಮಾಡುವುದು ಇಂಥ ಬಿಡಿಭಾಗಗಳಲ್ಲೇ. ನನಗೆ ನಿಜವಾಗಿ ಆತಂಕ ಇರುವುದೂ ಇಲ್ಲಿ. ವೈ ಕೆಪಾಸಿಟರ್ ಕೆಟ್ಟರೂ ಶಾರ್ಟ್ ಆಗಬಾರದು ಎಂದು ವಿಶೇಷವಾಗಿ ತಯಾರಿಸಿದ ಭಾಗ. ಅದರ ಜಾಗದಲ್ಲಿ ಸಾದಾ ಕೆಪಾಸಿಟರ್ ಕೂರಿಸಿ ಅದು ಶಾರ್ಟ್ ಆದರೆ 230 ವೋಲ್ಟ್ ನೇರವಾಗಿ ಕೈಗೆ ಬರಬಹುದು. ಟಚ್ ಕೆಡುವ ಚಾರ್ಜರೆಲ್ಲ ಅಪಾಯಕಾರಿ ಎಂದಲ್ಲ. ಆದರೂ ಅಂಥದ್ದನ್ನು ಮಕ್ಕಳ ಕೈಗೆಟಕುವಲ್ಲಿ ಇಡಬೇಡಿ, ಬದಲಿಸಿಬಿಡಿ. ಕೊಳ್ಳುವಾಗ ಬಿಐಎಸ್ ಗುರುತಿನ ಜೊತೆ ಇರುವ ಆರ್ ಅಕ್ಷರದ ನೋಂದಣಿ ಸಂಖ್ಯೆ ನೋಡಿ. ಬಿಐಎಸ್ ಕೇರ್ ಆ್ಯಪಿನಲ್ಲಿ ಅದು ಅಸಲಿಯೇ ಎಂದು ಪರೀಕ್ಷಿಸಬಹುದು.

ಪತ್ತೆಗೆ ಸುಲಭದ ದಾರಿ ಪವರ್ ಬ್ಯಾಂಕ್. ಅದನ್ನು ಗೋಡೆಯ ಸಾಕೆಟ್ಟಿಗೆ ಸಿಕ್ಕಿಸದೆ ಫೋನಿಗೆ ಜೋಡಿಸಿ. ಭೂಮಿಗೆ ದಾರಿಯೇ ಇಲ್ಲದ್ದರಿಂದ ಈ ಗದ್ದಲ ಬೆರಳಿನ ಮೂಲಕ ಸುತ್ತು ಮುಗಿಸಲಾರದು. ಆಗ ಟಚ್ ಸರಿಯಿದ್ದರೆ ತಪ್ಪು ಹೆಚ್ಚಾಗಿ ಚಾರ್ಜರಿನದು. ಚಾರ್ಜರೇ ಇಲ್ಲದಾಗಲೂ ಸುಳ್ಳು ಸ್ಪರ್ಶ ಬರಲು ಶುರುವಾದರೆ ತೇವ, ದಪ್ಪ ಸ್ಕ್ರೀನ್ ಗಾರ್ಡ್ ಅಥವಾ ಹಿಂದೆ ಬದಲಿಸಿದ ಕಳಪೆ ಡಿಸ್‌ಪ್ಲೇ ಕಾರಣವಿರಬಹುದು. ಪರದೆ ಅಂಚಿನಲ್ಲಿ ಮೇಲೆದ್ದಂತೆ ಕಂಡರೆ ಮಾತ್ರ ಕಾಯಬೇಡಿ: ಒಳಗೆ ಬ್ಯಾಟರಿ ಉಬ್ಬಿರಬಹುದು. ಒತ್ತಿ ಕೂರಿಸಲು ಹೋಗದೆ, ಚಾರ್ಜಿಗೆ ಹಾಕದೆ, ಫೋನ್ ಆಫ್ ಮಾಡಿ ಸರ್ವಿಸ್ ಸೆಂಟರಿಗೆ ಒಯ್ಯಿರಿ.