ಬದುವಿನ ಹುಲ್ಲಿನ ಹಿಪ್ಪಾಸ ಜೇಡ



ಮಳೆಗಾಲ ಮುಗಿದ ಮೇಲೆ, ಬೆಳಗಿನ ಹಾಲನ್ನು ಸಂಘಕ್ಕೆ ಹಾಕಿ ಬರುವಾಗ, ಬದುವಿನ ಹುಲ್ಲಿನ ಮೇಲೆ ಬಿಳಿ ಅರಿವೆ ಹರಡಿದಂತೆ ಬಲೆಗಳನ್ನು ತಾವು ನೋಡಿರುತ್ತೀರಿ. ಇಬ್ಬನಿ ಆರಿದ ಮೇಲೆ ಅವು ಕಣ್ಣಿಗೆ ಬೀಳುವುದಿಲ್ಲ, ಆದರೆ ಅಲ್ಲೇ ಇರುತ್ತವೆ. ಹಾಳೆಯಂತಹ ಬಲೆಯ ಒಂದು ಕಡೆ ಲಾಳಿಕೆಯಂತೆ ತೂತು ಇದ್ದರೆ ಅದು ಬಹುಮಟ್ಟಿಗೆ ಹಿಪ್ಪಾಸ ಎಂಬ ಕುಲದ ಜೇಡದ ಮನೆ.

ಈ ಕುಲಕ್ಕೆ 1885ರಲ್ಲಿ ಹೆಸರಿಟ್ಟವರು ಫ್ರಾನ್ಸ್ ದೇಶದ ಯೂಜೀನ್ ಸಿಮೋನ್. ಇದು ತೋಳ ಜೇಡಗಳ ಕುಟುಂಬಕ್ಕೆ ಸೇರಿದ್ದು. ತೋಳ ಜೇಡಗಳಲ್ಲಿ ಹೆಚ್ಚಿನವು ಬಲೆ ನೇಯದೆ ನೆಲದ ಮೇಲೆ ಓಡಾಡಿ ಬೇಟೆಯಾಡುತ್ತವೆ. ಹಿಪ್ಪಾಸ ಮಾತ್ರ ಬಲೆಯಲ್ಲೇ ಬಾಳುತ್ತದೆ. ಬಲೆಗೆ ಅಂಟು ಇಲ್ಲ. ಮಿಡತೆಯೋ ಜಿಗಿಹುಳುವೋ ಹಾಳೆಯ ಮೇಲೆ ಬಿದ್ದು ಒದ್ದಾಡಿದರೆ ಸಾಕು, ಆ ಅಲುಗಾಟ ತಿಳಿದು ಜೇಡ ಲಾಳಿಕೆಯಿಂದ ಓಡಿ ಬಂದು ಹಿಡಿಯುತ್ತದೆ. ಹೆಣ್ಣು ತನ್ನ ಮೊಟ್ಟೆಯ ಗಂಟನ್ನು ಹಿಂಬದಿಗೆ ಕಟ್ಟಿಕೊಂಡೇ ತಿರುಗುತ್ತದೆ; ಮರಿಗಳಾದ ಮೇಲೆ ಬೆನ್ನ ಮೇಲೆ ಹೊರುತ್ತದೆ. ನಮ್ಮ ಕರು ಸಾಕಣೆಗೆ ಇದೇನೂ ಕಡಿಮೆಯಲ್ಲ!

ನಮ್ಮ ದೇಶದಲ್ಲಿ ಇದರ ಹಲವು ಪ್ರಭೇದಗಳಿವೆ: ಅಜೆಲಿನಾಯ್ಡಿಸ್, ಗ್ರೀನಾಲಿಯೆ, ಲೈಕೋಸಿನಾ, ಪಾರ್ಟಿಟಾ ಇತ್ಯಾದಿ. ಬರಿಗಣ್ಣಿನಿಂದ ಇವನ್ನು ಬೇರ್ಪಡಿಸಲಾಗದು. ಅದು ಸೂಕ್ಷ್ಮದರ್ಶಕದ ಕೆಲಸ. ಇವುಗಳಲ್ಲಿ ಮೂರರ ವಿಷವನ್ನು ಕುರಿತು ಮೈಸೂರು ವಿಶ್ವವಿದ್ಯಾನಿಲಯದ ಸಂಶೋಧಕರ ಅಧ್ಯಯನ 2006ರಲ್ಲಿ ಪ್ರಕಟವಾಗಿದೆ. ಈ ಜೇಡ ಕಚ್ಚಿದರೆ ನೋವು, ಊತ ಬರಬಹುದು. ಆದ್ದರಿಂದ ಹುಲ್ಲು ಕೊಯ್ಯುವಾಗ ಲಾಳಿಕೆಗೆ ಬೆರಳು ಹಾಕಬೇಡಿ. ಕಚ್ಚಿದರೆ ಸೋಪಿನಿಂದ ತೊಳೆದು, ಊತ ಹೆಚ್ಚಿದರೆ ವೈದ್ಯರ ಬಳಿ ಹೋಗಿ.

ಬಲೆ ಇರುವ ಹುಲ್ಲು ತಿಂದರೆ ಹಸುವಿಗೆ ಕೇಡೇ? ಇಲ್ಲ. ಜೇಡದ ವಿಷ ಕಚ್ಚಿದಾಗ ರಕ್ತ-ಮಾಂಸಕ್ಕೆ ಸೇರಿದರಷ್ಟೇ ಕೆಲಸ ಮಾಡುತ್ತದೆ. ಕೇಡು ಬರುವುದು ಬಲೆಗೆ ಹೆದರಿ ಬದುವಿಗೆ ಕೀಟನಾಶಕ ಹೊಡೆದಾಗ. ಮಿಡತೆ ತಿನ್ನುವ ಜೇಡ ಸಾಯುತ್ತದೆ, ಹುಲ್ಲಿನಲ್ಲಿ ಔಷಧದ ಅಂಶ ಉಳಿಯುತ್ತದೆ. ಅದು ಹಸುವಿನ ಹೊಟ್ಟೆ ಸೇರಿ, ಕೆಲವು ಔಷಧಗಳ ಅಂಶ ಹಾಲಿನ ಕೊಬ್ಬಿನಲ್ಲೇ ಸೇರಿಕೊಳ್ಳುತ್ತದೆ. ಕಾಯಿಸಿದರೂ ಹೋಗುವುದೆಂದು ನಂಬುವಂತಿಲ್ಲ. ನಿಮ್ಮ ಮನೆಯ ಮಗು ಕುಡಿಯುವುದೂ ಅದೇ ಹಾಲು.

ಬೆಳೆಗೆ ಔಷಧ ಹೊಡೆಯಲೇಬೇಕಾದರೆ ಗಾಳಿ ಬದುವಿನ ಕಡೆಗೆ ಬೀಸದ ಹೊತ್ತು ನೋಡಿಕೊಳ್ಳಿ. ಡಬ್ಬಿಯ ಚೀಟಿಯಲ್ಲಿ ಬರೆದಷ್ಟು ದಿನ ಕಳೆಯುವವರೆಗೆ ಆ ಬದುವಿನ ಹುಲ್ಲನ್ನು ದನಗಳಿಗೆ ಹಾಕಬೇಡಿ. ಹುಲ್ಲನ್ನು ಒಂದೇ ದಿನ ಪೂರ್ತಿ ಸವರದೆ ಅರ್ಧರ್ಧ ಕೊಯ್ದರೆ, ಜೇಡ ಉಳಿದ ಕಡೆಗೆ ಸರಿದು ಮತ್ತೆ ಬಲೆ ಹಾಕುತ್ತದೆ.