ಗಾಳದ ಕೋಲು

ಬಲೆ, ಕೂಳಿ, ಗಾಳ - ಇವು ಮೀನು ಹಿಡಿಯುವುದಕ್ಕಾಗಿ ಮನುಷ್ಯನು ಬಹು ಪ್ರಾಚೀನ ಕಾಲದಿಂದ ಬಳಸುತ್ತ ಬಂದಿರುವ ಸಾಧನಗಳು. ಬಲೆಯೂ ಕೂಳಿಯೂ ತಮ್ಮೊಳಗೆ ಸಿಕ್ಕಿದ ಮೀನುಗಳನ್ನೆಲ್ಲ ಒಟ್ಟಿಗೆ ಹಿಡಿದುಕೊಳ್ಳುತ್ತವೆ. ಗಾಳವಾದರೋ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮೀನನ್ನು ಹಿಡಿಯುತ್ತದೆ. ಆದುದರಿಂದ ಗಾಳ ಹಾಕುವವನಿಗೆ ತಾಳ್ಮೆ ಬೇಕು. ಮೀನಿನ ಸ್ವಭಾವದ ತಿಳಿವಳಿಕೆ ಬೇಕು. ಎಲ್ಲಕ್ಕಿಂತ ಮಿಗಿಲಾಗಿ ನಂಬಬಹುದಾದ ಒಂದು ಕೋಲು ಬೇಕು. ಈ ಕೋಲು ನೋಡುವುದಕ್ಕೆ ಸಾಮಾನ್ಯ ವಸ್ತು. ಕೆರೆಯ ದಡದಲ್ಲಿ ಕುಳಿತ ಹುಡುಗನ ಕೈಯಲ್ಲಿರುವ ಬಿದಿರುಕಡ್ಡಿಯೂ ಗಾಳದ ಕೋಲೇ. ಆದರೆ ಹಿಡಿಯುವವನ ಕೈಗೂ ಹಿಡಿಯಬೇಕಾದ ಮೀನಿಗೂ ಹೊಂದುವಂತೆ ಕೋಲನ್ನು ಕಟ್ಟಿ ಅಲಂಕರಿಸುವುದು ಒಂದು ಕುಶಲ ಕಲೆ. ಉಪಯೋಗವೂ ಚೆಲುವೂ ಒಂದೇ ಎಳೆಯಿಂದ ಹುಟ್ಟುವ ಬಗೆಯನ್ನು ಈ ಕಲೆಯಲ್ಲಿ ಸ್ಪಷ್ಟವಾಗಿ ಕಾಣಬಹುದು.

ಗಾಳದ ವಿದ್ಯೆ ಕನ್ನಡ ನಾಡಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ರಾಜ್ಯವಾಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವೆಂಬ ಗ್ರಂಥವನ್ನು ರಚಿಸಿದನು. ಅರಸರ ವಿನೋದಗಳನ್ನು ವರ್ಣಿಸುವ ಅದರ ಭಾಗದಲ್ಲಿ ‘ಮತ್ಸ್ಯವಿನೋದ’ವೂ ಸೇರಿದೆ. ಮೀನುಗಳ ಬಗೆಗಳು, ಅವುಗಳಿಗೆ ಹಾಕಬೇಕಾದ ಆಹಾರ, ಗಾಳದಿಂದ ಅವುಗಳನ್ನು ಹಿಡಿಯುವ ಕ್ರಮ - ಇವು ಅಲ್ಲಿಯ ವಿಷಯಗಳು. ಒಬ್ಬ ಚಕ್ರವರ್ತಿಯು ಗಾಳ ಹಾಕುವುದನ್ನು ಶಾಸ್ತ್ರದ ವಿಷಯವಾಗಿ ಪರಿಗಣಿಸಿ ಬರೆದುದು ಗಮನಿಸತಕ್ಕ ಸಂಗತಿ. ಅದೇ ಶತಮಾನದಲ್ಲಿ, ಅದೇ ಕಲ್ಯಾಣದ ಶರಣರ ನಡುವೆ ಮೇದಾರ ಕೇತಯ್ಯನಿದ್ದನು. ಬಿದಿರನ್ನು ಸೀಳಿ, ಬುಟ್ಟಿ ಮೊರಗಳನ್ನು ಹೆಣೆದು ಮಾರುವುದು ಆತನ ಕಾಯಕ. ಅರಮನೆಯಲ್ಲಿ ಗಾಳದ ವಿಚಾರವಾಗಿ ಗ್ರಂಥ ಬರೆದವನೊಬ್ಬ. ಬಿದಿರಿನ ಮರ್ಮವನ್ನು ಬೆರಳುಗಳಿಂದ ಅರಿತವನು ಇನ್ನೊಬ್ಬ. ಒಳ್ಳೆಯ ಕೋಲು ಆಗಬೇಕಾದರೆ ಈ ಎರಡು ಬಗೆಯ ತಿಳಿವಳಿಕೆಯೂ ಕೂಡಬೇಕು.

ಬಿದಿರಿನಲ್ಲಿ ಹಲವು ಜಾತಿಗಳಿವೆ. ಅವುಗಳಲ್ಲಿ ಒಳಗೆ ಟೊಳ್ಳು ಕಡಿಮೆಯಾಗಿರುವ ಗಟ್ಟಿ ಬಿದಿರು ಕೋಲಿಗೆ ಒಪ್ಪುತ್ತದೆ. ಕರ್ನಾಟಕದ ಒಣ ಕಾಡುಗಳಲ್ಲಿ ಇದು ಬೆಳೆಯುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತದ ಬಿದಿರು ಕಲ್ಕತ್ತೆಯ ಬಂದರಿನಿಂದ ಇಂಗ್ಲೆಂಡಿಗೂ ಅಮೆರಿಕಕ್ಕೂ ಹೋಗುತ್ತಿತ್ತು. ಅಲ್ಲಿಯ ಕುಶಲಿಗಳು ಅದನ್ನು ‘ಕಲ್ಕತ್ತಾ ಬಿದಿರು’ ಎಂದೇ ಕರೆದು, ಅದರಿಂದ ಹೊಸ ಬಗೆಯ ಕೋಲನ್ನು ನಿರ್ಮಿಸಿದರು. ಬಿದಿರಿನ ಬಲವೆಲ್ಲ ಹೊರಸಿಪ್ಪೆಗೆ ಹತ್ತಿದ ನಾರಿನಲ್ಲಿರುತ್ತದೆ. ಒಳಗಿನ ತಿರುಳು ಮೃದು. ಆದುದರಿಂದ ಅವರು ಬಿದಿರನ್ನು ಉದ್ದುದ್ದವಾಗಿ ಸೀಳಿ, ಪ್ರತಿಯೊಂದು ಸೀಳನ್ನೂ ತ್ರಿಕೋಣಾಕಾರವಾಗಿ ಕೀಸುತ್ತಿದ್ದರು. ಅಂಥ ಆರು ಸೀಳುಗಳನ್ನು ಹೊರಸಿಪ್ಪೆ ಹೊರಗೇ ಉಳಿಯುವಂತೆ ಜೋಡಿಸಿ, ಅಂಟಿನಿಂದ ಬೆಸೆದರೆ ಷಟ್ಕೋನಾಕಾರದ ಕೋಲು ಸಿದ್ಧವಾಗುತ್ತದೆ. ಒಂದು ಸೀಳಿನ ಗಿಣ್ಣು ಪಕ್ಕದ ಸೀಳಿನ ಗಿಣ್ಣಿಗೆ ಎದುರಾಗದಂತೆ ಎಚ್ಚರ ವಹಿಸುತ್ತಾರೆ. ಗಿಣ್ಣುಗಳೆಲ್ಲ ಒಂದೇ ಕಡೆ ಸೇರಿದರೆ ಅಲ್ಲಿಯೇ ಕೋಲು ಮುರಿಯುವ ಭಯವುಂಟು. ಮುಂದೆ ಈ ಕೆಲಸಕ್ಕೆ ಚೀನ ದೇಶದ ಬಿದಿರು ಹೆಚ್ಚು ಬಳಕೆಗೆ ಬಂದಿತು. ಇಪ್ಪತ್ತನೆಯ ಶತಮಾನದ ನಡುವೆ ಗಾಜಿನ ನಾರಿನ ಕೋಲುಗಳೂ, 1970ರ ದಶಕದಲ್ಲಿ ಇಂಗಾಲದ ನಾರಿನ ಕೋಲುಗಳೂ ಬಂದವು. ಇಂದು ಕೈಯಿಂದ ಕೋಲು ಕಟ್ಟುವವರಲ್ಲಿ ಅನೇಕರು ಕಾರ್ಖಾನೆಯಲ್ಲಿ ತಯಾರಾದ ಇಂಗಾಲದ ನಾರಿನ ಬೋಳು ಕೋಲನ್ನು ಕೊಂಡು, ಉಳಿದ ಕೆಲಸವನ್ನು ತಾವೇ ಮಾಡುತ್ತಾರೆ.

ಕೋಲು ಮಾಡುವ ಕೆಲಸವಾದರೂ ಏನು? ಮೊದಲನೆಯದಾಗಿ, ಅದು ಗಾಳವನ್ನು ದೂರಕ್ಕೆ ಎಸೆಯುವ ಸನ್ನೆ. ಎರಡನೆಯದಾಗಿ, ಅದೊಂದು ಸ್ಪ್ರಿಂಗು. ಗಾಳ ಕಚ್ಚಿದ ಮೀನು ಥಟ್ಟನೆ ಸೆಳೆದಾಗ ಕೋಲು ಬಾಗಿ ಆ ಸೆಳೆತವನ್ನು ತನ್ನಲ್ಲಿ ಅಡಗಿಸಿಕೊಳ್ಳುತ್ತದೆ. ಮೀನು ಸಡಿಲಿಸಿದೊಡನೆ ನೆಟ್ಟಗಾಗಿ ದಾರವನ್ನು ಬಿಗಿಯಾಗಿ ಇಟ್ಟುಕೊಳ್ಳುತ್ತದೆ. ದಾರವನ್ನು ಬರಿಗೈಯಲ್ಲಿ ಹಿಡಿದವನಿಗೆ ಈ ಅನುಕೂಲವಿಲ್ಲ. ಒಂದೇ ಸೆಳೆತಕ್ಕೆ ದಾರ ಹರಿಯಬಹುದು, ಇಲ್ಲವೆ ಕೈ ಕೊಯ್ಯಬಹುದು. ಬಾಗುವ ಗುಣ ಕೋಲಿನ ಉದ್ದಕ್ಕೂ ಒಂದೇ ಸಮನಾಗಿರುವುದಿಲ್ಲ. ತುದಿ ತೆಳುವಾಗಿದ್ದು ಬೇಗ ಬಾಗುತ್ತದೆ. ಬುಡ ದಪ್ಪನಾಗಿದ್ದು ಭಾರವನ್ನು ತಾಳುತ್ತದೆ. ಈ ಏರುಪೇರನ್ನು ಅರಿತು ಕೆಲಸ ಮಾಡುವುದರಲ್ಲಿಯೇ ಕಟ್ಟುವವನ ಜಾಣ್ಮೆಯೆಲ್ಲ ಇದೆ.

ಬೋಳು ಕೋಲು ಕೈಗೆ ಬಂದೊಡನೆ ಮೊದಲು ಅದರ ಬೆನ್ನನ್ನು ಕಂಡುಹಿಡಿಯಬೇಕು. ಕೋಲಿನ ಬುಡವನ್ನು ನಯವಾದ ಹಲಗೆಯ ಮೇಲೆ ಊರಿ, ತುದಿಯನ್ನು ಅಂಗೈಯಿಂದ ಒತ್ತಿ, ನಡುಭಾಗವನ್ನು ಬಾಗಿಸಿ ಮೆಲ್ಲನೆ ಉರುಳಿಸಿದರೆ, ಅದು ಒಂದು ಮಗ್ಗುಲಿಗೆ ತಾನಾಗಿಯೇ ಹೊರಳಿ ನಿಲ್ಲುತ್ತದೆ. ಸುತ್ತಲೂ ಒಂದೇ ಸಮನಾಗಿ ಕಾಣುವ ಕೋಲಿಗೂ ತನ್ನದೇ ಆದ ಒಲವುಂಟೆಂಬುದು ಇದರಿಂದ ತಿಳಿಯುತ್ತದೆ. ಅದನ್ನು ಗುರುತು ಮಾಡಿಕೊಂಡ ಮೇಲೆ ಹಿಡಿಯನ್ನು ಜೋಡಿಸುತ್ತಾರೆ. ಕಾರ್ಕ್ ಎಂಬ ಬೆಂಡಿನ ಬಿಲ್ಲೆಗಳನ್ನು ಒಂದಕ್ಕೊಂದು ಅಂಟಿಸಿ, ಕಡೆಯುವ ಯಂತ್ರದಲ್ಲಿ ತಿರುಗಿಸಿ, ಉಜ್ಜುಕಾಗದದಿಂದ ತೀಡಿ, ಹಿಡಿಯುವವನ ಬೆರಳುಗಳಿಗೆ ಒಪ್ಪುವ ಆಕಾರ ಕೊಡುತ್ತಾರೆ. ಬೆಂಡು ಹಗುರ, ನೀರಿನಲ್ಲಿ ನೆನೆದರೂ ಕೈ ಜಾರುವುದಿಲ್ಲ. ಅದರ ಬಳಿ ದಾರ ಸುತ್ತುವ ರೀಲಿಗೆ ಪೀಠವನ್ನು ಕೂರಿಸುತ್ತಾರೆ.

ಆಮೇಲೆ ಉಂಗುರಗಳ ಸರದಿ. ರೀಲಿನಿಂದ ಹೊರಟ ದಾರ ಈ ಉಂಗುರಗಳ ಮೂಲಕ ಹಾಯ್ದು ತುದಿಯನ್ನು ಸೇರುತ್ತದೆ. ಉಂಗುರಗಳ ನಡುವಣ ಅಂತರ ಬುಡದ ಕಡೆ ಹೆಚ್ಚಾಗಿದ್ದು, ತುದಿಯ ಕಡೆಗೆ ಹೋದಂತೆ ಕಡಿಮೆಯಾಗಬೇಕು. ಏಕೆಂದರೆ ಹೆಚ್ಚು ಬಾಗುವ ಭಾಗದಲ್ಲಿ ಆಸರೆಯೂ ಹೆಚ್ಚಾಗಿರಬೇಕು. ಲೆಕ್ಕ ಸರಿಯಾಗಿದೆಯೇ ಎಂದು ತಿಳಿಯಲು, ಉಂಗುರಗಳನ್ನು ತಾತ್ಕಾಲಿಕವಾಗಿ ಕಟ್ಟಿ, ದಾರ ಹಾಯಿಸಿ, ತುದಿಗೆ ತೂಕ ಕೊಟ್ಟು ಕೋಲನ್ನು ಬಾಗಿಸಿ ನೋಡುತ್ತಾರೆ. ದಾರವು ಕೋಲಿನ ಬಾಗನ್ನೇ ಅನುಸರಿಸಿ ಸಾಗಬೇಕು. ಎಲ್ಲಿಯಾದರೂ ಎರಡು ಉಂಗುರಗಳ ನಡುವೆ ಅದು ಬಾಗನ್ನು ಬಿಟ್ಟು ನೇರವಾಗಿ ಎಳೆದು ನಿಂತರೆ ಅಂತರವನ್ನು ತಿದ್ದಬೇಕು. ಈ ಪರೀಕ್ಷೆಯಲ್ಲಿ ಬೇಸರಪಟ್ಟವನ ಕೋಲು ನದಿಯ ದಡದಲ್ಲಿ ಕೈಕೊಡುತ್ತದೆ.

ಉಂಗುರವನ್ನು ಕೋಲಿಗೆ ಬೆಸೆಯುವುದು ಮೊಳೆಯಲ್ಲ, ತಿರುಪೂ ಅಲ್ಲ, ಬರಿಯ ನೂಲು. ತೂತು ಕೊರೆದರೆ ಕೋಲು ದುರ್ಬಲವಾಗುತ್ತದೆ. ಆದುದರಿಂದ ಉಂಗುರದ ಪಾದವನ್ನು ಅರದಿಂದ ಉಜ್ಜಿ ತೆಳುಮಾಡಿ, ಕೋಲಿನ ಮೇಲಿಟ್ಟು, ಸುತ್ತಿನ ಪಕ್ಕಕ್ಕೆ ಸುತ್ತು ಒತ್ತಾಗಿ ಕೂರುವಂತೆ ನೂಲು ಸುತ್ತುತ್ತಾರೆ. ನೂಲಿನ ಆರಂಭದ ತುದಿಯನ್ನು ಮೊದಲ ಸುತ್ತುಗಳ ಕೆಳಗೆ ಅಡಗಿಸುತ್ತಾರೆ. ಕೊನೆಯ ತುದಿಯನ್ನು ಒಂದು ಕುಣಿಕೆಯ ನೆರವಿನಿಂದ ಕಡೆಯ ಸುತ್ತುಗಳ ಅಡಿಗೆ ಎಳೆದುಕೊಳ್ಳುತ್ತಾರೆ. ಎಲ್ಲಿಯೂ ಗಂಟು ಕಾಣುವುದಿಲ್ಲ. ಹಿಂದೆ ಇದಕ್ಕೆ ಬಳಸುತ್ತಿದ್ದುದು ರೇಷ್ಮೆಯ ನೂಲು. ಬಿದಿರಿನ ಕೋಲು ಕಟ್ಟುವವರು ಈಗಲೂ ಅದನ್ನೇ ಮೆಚ್ಚುತ್ತಾರೆ. ಇತರರು ನೈಲಾನನ್ನು ಬಳಸುತ್ತಾರೆ. ನೈಲಾನ್ ಬರುವುದಕ್ಕೆ ಮುಂಚೆ ಗಾಳಕ್ಕೆ ಕಟ್ಟುವ ಸಣ್ಣ ಎಳೆಯೂ ರೇಷ್ಮೆ ಹುಳುವಿನದೇ ಆಗಿತ್ತು. ಹುಳುವಿನ ರೇಷ್ಮೆ ಗ್ರಂಥಿಯನ್ನು ಹೊರತೆಗೆದು ಎಳೆದು, ನೀರಿನಲ್ಲಿ ಕಾಣದಷ್ಟು ತೆಳುವಾದ ಗಟ್ಟಿ ತಂತಿಯಾಗಿ ಮಾಡುತ್ತಿದ್ದರು.

ಬೆಂಗಳೂರಿನ ಪಶ್ಚಿಮ ಭಾಗದವರಿಗೆ ಈ ಸಾಮಗ್ರಿಗಳು ದೂರದವಲ್ಲ. ಕೆಂಗೇರಿಯನ್ನು ದಾಟಿ ಮೈಸೂರು ರಸ್ತೆಯಲ್ಲಿ ಮುಂದುವರಿದರೆ ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೆಸರಾದ ರಾಮನಗರ ಸಿಕ್ಕುತ್ತದೆ. ಇನ್ನೂ ಮುಂದೆ ಅರಗಿನ ಗೊಂಬೆಗಳ ಚನ್ನಪಟ್ಟಣವಿದೆ. ಚನ್ನಪಟ್ಟಣದ ಕುಶಲಿಗಳು ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಶಾಖಕ್ಕೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಗಾಳದ ಕೋಲಿಗೂ ಹಿಂದೆ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಳಿಯುತ್ತಿದ್ದರು. ಈಗ ಎಪಾಕ್ಸಿ ಎಂಬ ರಾಳವನ್ನು ಬಳಿಯುವುದು ರೂಢಿ. ರಾಳ ಬಳಿದ ಕೋಲನ್ನು ಅದು ಗಟ್ಟಿಯಾಗುವ ತನಕ, ಹಲವು ಗಂಟೆಗಳ ಕಾಲ, ಮೆಲ್ಲಮೆಲ್ಲನೆ ತಿರುಗಿಸುತ್ತಲೇ ಇರಬೇಕು. ತಿರುಗಿಸದಿದ್ದರೆ ರಾಳ ಒಂದು ಮಗ್ಗುಲಿಗೆ ಇಳಿದು ಹನಿಗಟ್ಟುತ್ತದೆ.

ಅಲಂಕಾರವೆಂಬುದು ಹುಟ್ಟುವುದು ಈ ನೂಲಿನಿಂದಲೇ. ಉಂಗುರವನ್ನು ಬಿಗಿಯುವುದಕ್ಕಾಗಿ ಹೇಗೂ ನೂಲು ಸುತ್ತಬೇಕು. ಅದಕ್ಕೆ ಒಪ್ಪುವ ಬಣ್ಣವನ್ನು ಆರಿಸಿದರೆ ಬಿಗಿಯೂ ಆಯಿತು, ಚೆಲುವೂ ಆಯಿತು. ಸುತ್ತಿನ ಎರಡು ಅಂಚುಗಳಿಗೆ ಬೇರೆ ಬಣ್ಣದ ನಾಲ್ಕಾರು ಎಳೆ ಸೇರಿಸಿದರೆ ಸೀರೆಯ ಅಂಚಿನಂತೆ ಕಾಣುತ್ತದೆ. ಹಿಡಿಯ ಮೇಲಿನ ಭಾಗದಲ್ಲಿ ನೂಲನ್ನು ಓರೆಯಾಗಿ ಮೇಲಕ್ಕೂ ಕೆಳಕ್ಕೂ ಹಾಯಿಸಿ, ಒಂದರ ಪಕ್ಕದಲ್ಲಿ ಒಂದು ಬಣ್ಣವನ್ನು ಕೂರಿಸುತ್ತ ಹೋದರೆ, ನೂಲುಗಳು ಅಡ್ಡಹಾಯುವ ಎಡೆಗಳಲ್ಲಿ ವಜ್ರಾಕಾರದ ಚಿತ್ರಗಳು ಮೂಡುತ್ತವೆ. ಇಂಥ ಕೆಲಸಕ್ಕೆ ಕೋಲಿನ ಸುತ್ತಳತೆಯನ್ನು ಮೊದಲೇ ಅಳೆದು ಸಮಭಾಗಗಳಾಗಿ ಗುರುತಿಸಿಕೊಳ್ಳಬೇಕು. ಆರಂಭದಲ್ಲಿ ಒಂದು ಎಳೆ ಓಸರಿಸಿದರೆ ಆ ತಪ್ಪು ಸುತ್ತಿನಿಂದ ಸುತ್ತಿಗೆ ಬೆಳೆದು ಕೊನೆಗೆ ಚಿತ್ರವೇ ಕೆಡುತ್ತದೆ. ರೇಷ್ಮೆಗೆ ಇನ್ನೊಂದು ಗುಣವುಂಟು. ವಾರ್ನಿಷು ಹೀರಿದೊಡನೆ ಅದರ ಬಣ್ಣ ಬದಲಾಗುತ್ತದೆ. ತಿಳಿಬಣ್ಣದ ರೇಷ್ಮೆಯಂತೂ ಪಾರದರ್ಶಕವಾಗಿ, ಕೆಳಗಿನ ಬಿದಿರೇ ಹೊಳೆಯುತ್ತದೆ. ಬಣ್ಣ ಹಾಗೆಯೇ ಉಳಿಯಬೇಕೆಂದರೆ ಮೊದಲು ಬಣ್ಣ ಕಾಪಾಡುವ ದ್ರವವನ್ನು ಬಳಿಯಬೇಕು.

ಆದರೆ ಅಲಂಕಾರಕ್ಕೆ ಒಂದು ಎಲ್ಲೆಯಿದೆ. ಪ್ರತಿಯೊಂದು ಸುತ್ತಿಗೂ, ಅದರ ಮೇಲಿನ ರಾಳಕ್ಕೂ ತೂಕವುಂಟು. ಹಿಡಿಯ ಬಳಿ ಈ ತೂಕದಿಂದ ಬಾಧಕವಿಲ್ಲ. ತುದಿಯ ಬಳಿಯಾದರೆ ಗುಲಗಂಜಿಯಷ್ಟು ತೂಕವೂ ಕೋಲನ್ನು ಜಡಗೊಳಿಸುತ್ತದೆ. ಮೀನು ಎರೆಯನ್ನು ಮುಟ್ಟಿದ ಸುಳಿವು ಕೈಗೆ ತಲಪುವುದಿಲ್ಲ. ಆದುದರಿಂದ ಬಲ್ಲವರು ಬುಡದಲ್ಲಿ ಕಲೆಗೆ ಅವಕಾಶ ಕೊಟ್ಟು, ತುದಿಯತ್ತ ಸಾಗಿದಂತೆ ಸುತ್ತುಗಳನ್ನು ಕಿರಿದಾಗಿಸಿ, ಕೊನೆಗೆ ಅಗತ್ಯವಾದಷ್ಟನ್ನು ಮಾತ್ರ ಉಳಿಸುತ್ತಾರೆ. ಅಂದವೆಂದು ಎಲ್ಲೆಡೆಯೂ ಬಣ್ಣ ತುಂಬಿದ ಕೋಲು ಗೋಡೆಗೆ ತೂಗುಹಾಕಲು ಯೋಗ್ಯವೇ ಹೊರತು ನೀರಿಗಲ್ಲ.

ಕೋಲನ್ನು ಕಟ್ಟುವವನು ಮೀನನ್ನೂ ಬಲ್ಲವನಾಗಿರಬೇಕು. ಕಾವೇರಿಯ ಮಹಸೀರ್ ಮೀನನ್ನು ಇದಕ್ಕೆ ಉದಾಹರಣೆಯಾಗಿ ಹೇಳಬಹುದು. ರಭಸವಾದ ನೀರಿನಲ್ಲಿ, ಬಂಡೆಗಳ ನಡುವೆ ಬಾಳುವ ಈ ಮೀನು ಬಲಕ್ಕೆ ಪ್ರಸಿದ್ಧ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿ ನದಿಯಲ್ಲಿ ಹಿಡಿದ ಮಹಸೀರ್ 120 ಪೌಂಡು, ಎಂದರೆ ಸುಮಾರು 54 ಕಿಲೋಗ್ರಾಂ ತೂಗಿತು. ಕಾವೇರಿಯಲ್ಲಿ ಇದಕ್ಕೆ ಎರೆಯಾಗಿ ಬೇಯಿಸಿದ ರಾಗಿಹಿಟ್ಟಿನ ಉಂಡೆಯನ್ನು ಬಳಸುತ್ತಿದ್ದರು. ಉಂಡೆಯ ಭಾರವನ್ನು ದೂರಕ್ಕೆ ಎಸೆಯುವ, ಅಂಥ ಮೀನಿನ ಸೆಳೆತವನ್ನು ತಾಳುವ ಕೋಲು ಕೆರೆಯ ಸಣ್ಣ ಮೀನಿನ ಕೋಲಿಗಿಂತ ತೀರ ಬೇರೆಯಾಗಿರಬೇಕಷ್ಟೆ.

ಆದರೆ ಇಂದು ಆ ಮೀನಿನ ಸ್ಥಿತಿ ಕರುಣಾಜನಕವಾಗಿದೆ. ಕಾವೇರಿಯ ಗೂನುಬೆನ್ನಿನ ಮಹಸೀರನ್ನು 2018ರಲ್ಲಿ ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿಸಲಾಯಿತು. ಅಣೆಕಟ್ಟುಗಳು, ಹೊರಗಿನಿಂದ ತಂದು ಬಿಟ್ಟ ಬೇರೆ ಜಾತಿಯ ಮೀನುಗಳು, ಸಿಡಿಮದ್ದಿನಿಂದ ಮೀನು ಕೊಲ್ಲುವ ಕ್ರೌರ್ಯ, ನೀರಿನ ಮಾಲಿನ್ಯ - ಇವೆಲ್ಲ ಅದಕ್ಕೆ ಒದಗಿದ ಕಂಟಕಗಳು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಕಡೆಯ ನೀರು ವೃಷಭಾವತಿಯ ಕಣಿವೆಗೆ ಇಳಿಯುತ್ತದೆ. ವೃಷಭಾವತಿ ಕೆಂಗೇರಿಯನ್ನು ಹಾದು ಅರ್ಕಾವತಿಯನ್ನು ಸೇರುತ್ತದೆ. ಅರ್ಕಾವತಿ ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ನಗರದ ಕೊಳಚೆಯೂ ಕಾರ್ಖಾನೆಗಳ ತ್ಯಾಜ್ಯವೂ ತುಂಬಿದ ವೃಷಭಾವತಿಯ ದಡದಲ್ಲಿ ಗಾಳ ಹಾಕುವ ಮಾತೇ ಇಲ್ಲ. ಮನೆಯ ಬಚ್ಚಲಿನಿಂದ ಹರಿದ ನೀರು ಕಾವೇರಿಯ ಮೀನಿನವರೆಗೆ ಹೋಗುತ್ತದೆಂಬ ಅರಿವು ಅಲ್ಲಿಯ ನಿವಾಸಿಗಳಿಗೆ ಇರಬೇಕಾದುದು ಅವಶ್ಯಕ.

ಗಾಳದ ಮೋಹವೂ ಮೀನಿನ ಮೇಲಿನ ಕಾಳಜಿಯೂ ಒಂದೇ ಮನಸ್ಸಿನಲ್ಲಿ ನೆಲಸಬಲ್ಲವು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸರು 1873ರಲ್ಲಿ ಮಂಗಳೂರಿನಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕವನ್ನು ಪ್ರಕಟಿಸಿದರು. ಗಾಳದ ಕ್ರೀಡೆಯನ್ನು ಕುರಿತು ಉತ್ಸಾಹದಿಂದ ಬರೆದ ಅವರೇ ಮರಿಮೀನುಗಳ ನಾಶವನ್ನು ತಡೆಯಬೇಕೆಂದು ಸರ್ಕಾರದ ಗಮನ ಸೆಳೆದವರು. ಸಿಡಿಮದ್ದಿನಿಂದಲೂ ವಿಷದಿಂದಲೂ ಮೀನು ಕೊಲ್ಲುವುದನ್ನು ನಿಷೇಧಿಸಿದ ಕಾನೂನು ಭಾರತದಲ್ಲಿ 1897ರಲ್ಲಿ ಜಾರಿಗೆ ಬಂದಿತು. ಮುಂದಿನ ಕಾಲದಲ್ಲಿ ಹಿಡಿದ ಮಹಸೀರನ್ನು ತೂಗಿ ನೋಡಿ ಮರಳಿ ನದಿಗೇ ಬಿಡುವ ಪದ್ಧತಿ ಕಾವೇರಿಯ ದಡದಲ್ಲಿ ನೆಲೆಗೊಂಡಿತು. ಶೃಂಗೇರಿಯಲ್ಲಿ ತುಂಗಾನದಿಯ ಮೀನುಗಳನ್ನು ಯಾರೂ ಹಿಡಿಯುವುದಿಲ್ಲ. ಭಕ್ತರು ಅವುಗಳಿಗೆ ಆಹಾರ ಹಾಕಿ ನೋಡಿ ಸಂತೋಷಪಡುತ್ತಾರೆ.

ಒಂದು ಕೋಲನ್ನು ಕಟ್ಟಿ ಮುಗಿಸಲು ಹಲವು ದಿನಗಳು ಬೇಕು. ಅಷ್ಟು ದಿನಗಳ ಕಾಲ ನೂಲಿನ ಒಂದೊಂದು ಸುತ್ತನ್ನೂ ಸರಿಯಾಗಿ ಕೂರಿಸಿದವನಿಗೆ ಆತುರವೆಂಬುದು ಬಿಟ್ಟುಹೋಗಿರುತ್ತದೆ. ಅಂಥವನು ಸಿಡಿಮದ್ದನ್ನು ಮುಟ್ಟಲಾರನು. ಮರಿಮೀನು ಸಿಕ್ಕಿದರೆ ನೋಯದಂತೆ ಗಾಳ ಬಿಡಿಸಿ ನೀರಿಗೆ ಬಿಡುತ್ತಾನೆ. ಅವನ ಕೋಲಿಗೆ ಬೆಲೆ ಬರಬೇಕಾದರೆ ನದಿಯಲ್ಲಿ ನೀರು ತಿಳಿಯಾಗಿರಬೇಕು, ನೀರಿನಲ್ಲಿ ಮೀನಿರಬೇಕು.